ನೀರಿನ ಬಿಲ್ಲು ಏಕಾಏಕಿ ಏರಿದಾಗ: ಚಿಕ್ಕಮಗಳೂರಿನ ಮನೆಯವರಿಗೂ ಬಿಲ್ಲು ಬರೆಯುವವರಿಗೂ ಒಂದು ಬಹಿರಂಗ ಪತ್ರ

ಚಿಕ್ಕಮಗಳೂರು ನಗರದ ನಲ್ಲಿ ಸಂಪರ್ಕದಾರರಿಗೆ,
ನಗರಸಭೆಯ ಪೌರಾಯುಕ್ತರಿಗೆ, ನೀರು ಸರಬರಾಜು ಹಾಗೂ ಕಂದಾಯ ವಿಭಾಗದ ಸಿಬ್ಬಂದಿಗೆ,

ನಮಸ್ಕಾರ.

ನೀರಿನ ಬಿಲ್ಲು ಒಮ್ಮೆಲೇ ನಾಲ್ಕು ಪಟ್ಟೋ ಹತ್ತು ಪಟ್ಟೋ ಬಂದರೆ ಮನೆಯವರು ಬಿಲ್ಲು ಹಿಡಿದು ನೇರ ಕೌಂಟರಿಗೆ ಹೋಗುತ್ತಾರೆ. ಅಲ್ಲಿ ಮಾತು ಶುರುವಾಗುವುದೇ ರೂಪಾಯಿಯಿಂದ. "ಇಷ್ಟೊಂದು ಹೇಗೆ ಬಂತು?" ಎಂದು ಇವರು, "ಕಂಪ್ಯೂಟರಿನಲ್ಲಿ ಇರುವುದೇ ಇಷ್ಟು" ಎಂದು ಅವರು. ಕೌಂಟರಿನಲ್ಲಿ ಕುಳಿತವರ ಬಳಿ ಮೀಟರ್ ಇಲ್ಲ, ಹೋದವರ ಕೈಯಲ್ಲಿ ರೀಡಿಂಗ್ ಇಲ್ಲ. ಹೀಗಿರುವಾಗ ಯಾರ ಮಾತು ಸರಿ ಎಂದು ತೀರ್ಮಾನಿಸುವುದು ಹೇಗೆ? ನಮ್ಮ ಕೋರಿಕೆ ಒಂದೇ: ರೂಪಾಯಿಯ ಮೇಲೆ ವಾದ ಬಿಟ್ಟು ರೀಡಿಂಗ್ ಮತ್ತು ತಾರೀಕಿನ ಮೇಲೆ ವಾದ ಮಾಡಿ. ಮನೆಯವರು ಆ ಅಂಕಿಗಳನ್ನು ಬರೆದಿಡಲಿ, ಕಚೇರಿಯವರು ಅವನ್ನು ಬಿಲ್ಲಿನಲ್ಲಿ ಕಾಣುವಂತೆ ಕೊಡಲಿ. ಅದನ್ನು ಮಾಡುವ ಬಗೆಯನ್ನು ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಮನೆಯವರಿಗೆ.

ಬಿಲ್ಲಿನಲ್ಲಿ ಕೊನೆಯ ಮೊತ್ತವನ್ನು ಸದ್ಯಕ್ಕೆ ಬಿಡಿ. ಹಿಂದಿನ ರೀಡಿಂಗ್, ಅದರ ತಾರೀಕು, ಈಗಿನ ರೀಡಿಂಗ್, ಅದರ ತಾರೀಕು, ಈ ನಾಲ್ಕನ್ನು ಹುಡುಕಿ. ಎರಡು ರೀಡಿಂಗ್‌ಗಳ ವ್ಯತ್ಯಾಸವೇ ನಿಮ್ಮ ಬಳಕೆ, ಅದು ಕಿಲೋಲೀಟರ್ ಲೆಕ್ಕದಲ್ಲಿರುತ್ತದೆ. ಒಂದು ಕಿಲೋಲೀಟರ್ ಎಂದರೆ 1000 ಲೀಟರ್, ಒಂದು ಘನ ಮೀಟರ್. ಆಮೇಲೆ ಈ ತಿಂಗಳ ನೀರಿನ ಶುಲ್ಕ ಎಷ್ಟು, ಒಳಚರಂಡಿ ಶುಲ್ಕ ಎಷ್ಟು, ಹಳೆಯ ಬಾಕಿ ಎಷ್ಟು, ಅದರ ಮೇಲಿನ ದಂಡ ಅಥವಾ ಬಡ್ಡಿ ಎಷ್ಟು ಎಂದು ಬೇರೆ ಬೇರೆ ಬರೆದುಕೊಳ್ಳಿ. ದೊಡ್ಡ ಮೊತ್ತ ಕಂಡು ಗಾಬರಿಯಾದ ಎಷ್ಟೋ ಬಿಲ್ಲುಗಳಲ್ಲಿ ಈ ತಿಂಗಳ ನೀರು ಎಂದಿನಷ್ಟೇ ಇರುತ್ತದೆ, ಏರಿರುವುದು ಬಾಕಿ. ಬಾಕಿಯ ತಕರಾರನ್ನು ಮೀಟರಿನ ಮೇಲೆ ಹೊರಿಸಿದರೆ ಎರಡೂ ಕೆಡುತ್ತವೆ.

ಬಳಕೆಯ ಅಂಕಿಯೇ ದೊಡ್ಡದಿದ್ದರೆ, ಅಷ್ಟು ನೀರು ನಿಮ್ಮ ಪೈಪಿನಲ್ಲಿ ಬರಲು ಸಾಧ್ಯವೇ ಎಂದು ಮೊದಲು ನೋಡಿ. ನಮ್ಮ ಊರಿಗೆ ಹಿರೇಕೊಳಲೆ ಕೆರೆಯಿಂದಲೂ ಬೇಲೂರಿನ ಬಳಿಯ ಯಗಚಿ ಜಲಾಶಯದಿಂದಲೂ ನೀರು ಬರುತ್ತದೆ. ಸರದಿಯ ಮೇಲೆ ನೀರು ಬಿಡುವ ಬಡಾವಣೆಗಳಲ್ಲಿ ನಿಮ್ಮ ನಲ್ಲಿ ತಿಂಗಳಲ್ಲಿ ಎಷ್ಟು ಗಂಟೆ ಹರಿಯುತ್ತದೆ ಎಂಬುದು ನಿಮಗೇ ಗೊತ್ತು. ನೀರು ಜೋರಾಗಿ ಬರುವ ಹೊತ್ತಿನಲ್ಲಿ, ಸಂಪಿಗೆ, ಅಂದರೆ ನೆಲದಡಿಯ ತೊಟ್ಟಿಗೆ, ನೀರು ಬೀಳುವ ಬಾಯಲ್ಲೇ 20 ಲೀಟರ್ ಬಕೆಟ್ ಹಿಡಿದು ತುಂಬುವ ಸಮಯ ನೋಡಿ. ಎತ್ತರದ ನಲ್ಲಿಯಲ್ಲಿ ಹಿಡಿದರೆ ಹರಿವು ಕಡಿಮೆ ಕಾಣುತ್ತದೆ, ಲೆಕ್ಕ ತಪ್ಪುತ್ತದೆ. ಬಕೆಟ್ಟಿಗೆ ಹಗ್ಗ ಕಟ್ಟಿ ಮೇಲಿನಿಂದಲೇ ಇಳಿಬಿಡಿ. ಸಂಪಿನೊಳಗೆ ಯಾರೂ ಇಳಿಯಬಾರದು, ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಡುವ ಗಾಳಿ ಸಾಲದೆ ಜೀವ ಹೋಗುತ್ತದೆ.

40 ಸೆಕೆಂಡಿಗೆ ಬಕೆಟ್ ತುಂಬಿತು ಎಂದುಕೊಳ್ಳಿ. ನಿಮಿಷಕ್ಕೆ 30 ಲೀಟರ್, ಗಂಟೆಗೆ 1800 ಲೀಟರ್ ಆಯಿತು. ದಿನ ಬಿಟ್ಟು ದಿನ ಒಂದೂವರೆ ಗಂಟೆ ನೀರು ಬಂದರೆ ತಿಂಗಳಿಗೆ 15 ಸರದಿ, 22.5 ಗಂಟೆ. ಪೂರ್ತಿ ಹೊತ್ತು ನಲ್ಲಿ ತೆರೆದೇ ಇಟ್ಟರೂ 40.5 ಕಿಲೋಲೀಟರಿಗಿಂತ ಹೆಚ್ಚು ಬರುವಂತಿಲ್ಲ. ಬಿಲ್ಲಿನಲ್ಲಿ ಒಂದು ತಿಂಗಳಿಗೆ 120 ಎಂದಿದ್ದರೆ ಅದು ಆ ತಿಂಗಳ ಬಳಕೆಯಾಗಿರಲಾರದು. ರೀಡಿಂಗ್ ತಪ್ಪಿದೆ, ಇಲ್ಲವೇ ಹಲವು ತಿಂಗಳ ಬಳಕೆ ಒಟ್ಟಿಗೆ ಬಂದಿದೆ. 35 ಎಂದಿದ್ದರೆ ಸಾಧ್ಯವಿದೆ, ಆಗ ಸೋರಿಕೆ ಹುಡುಕಬೇಕು. ಹೋಲಿಕೆಗೆ ಇನ್ನೊಂದು ಅಳತೆಯೂ ಇರಲಿ: ಒಳಚರಂಡಿ ಇರುವ ಊರುಗಳಿಗೆ ಯೋಜನೆ ಮಾಡುವಾಗ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಹಿಡಿಯುತ್ತಾರೆ. ನಾಲ್ವರ ಮನೆಗೆ ಅದು ತಿಂಗಳಿಗೆ ಸುಮಾರು 16 ಕಿಲೋಲೀಟರ್. ಈ ಬಕೆಟ್ಟಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ಅರ್ಜಿಗೆ ಲಗತ್ತಿಸಿದರೆ ಯಾವ ಎಂಜಿನಿಯರೂ ಅದನ್ನು ತಳ್ಳಿಹಾಕುವುದಿಲ್ಲ.

ಇನ್ನು ಮೀಟರ್ ಓದುವುದು. ಮನೆಗೆ ಹಾಕುವ 15 ಮಿ.ಮೀ. ಮೀಟರಿನಲ್ಲಿ ಕಪ್ಪು ಅಂಕಿಗಳು ಕಿಲೋಲೀಟರ್, ಬಿಲ್ಲಿಗೆ ಬೇಕಾದದ್ದು ಅಷ್ಟೇ. ಕೆಂಪು ಅಂಕಿ ಅಥವಾ ಕೆಂಪು ಮುಳ್ಳುಗಳು ಅದರ ಕೆಳಗಿನ ಲೀಟರುಗಳು. ×0.1 ಎಂದಿರುವ ಮುಳ್ಳಿನ ಒಂದು ಮನೆ 100 ಲೀಟರ್, ×0.01 ಎಂದರೆ 10 ಲೀಟರ್, ×0.001 ಎಂದರೆ ಒಂದು ಲೀಟರ್. ಕಪ್ಪು ಅಂಕಿಯ ಪಕ್ಕದ ಒಂದು ಕೆಂಪು ಅಂಕಿಯನ್ನು ಸೇರಿಸಿ ಬರೆದರೂ ರೀಡಿಂಗ್ ಹತ್ತು ಪಟ್ಟಾಗುತ್ತದೆ. ಇದು ಎದ್ದು ಕಾಣುವ ತಪ್ಪು, ಬೇಗ ಸಿಕ್ಕಿಬೀಳುತ್ತದೆ. ಕಾಣದೆ ಉಳಿಯುವುದು ಅರ್ಧ ತಿರುಗಿದ ಅಂಕಿ. 479ರಿಂದ 480ಕ್ಕೆ ಹೋಗುವಾಗ ಕೊನೆಯ ಎರಡು ಚಕ್ರಗಳೂ ತಿರುಗುತ್ತಿರುತ್ತವೆ. ಆಗ 489 ಎಂದು ಓದಿಬಿಡುವುದು ಸುಲಭ, 10 ಕಿಲೋಲೀಟರ್ ಹೆಚ್ಚು ಬರುತ್ತದೆ. ಮುಂದಿನ ತಿಂಗಳು ಸರಿಯಾಗಿ ಓದಿದರೆ ಬಳಕೆ ಅಷ್ಟೇ ಕಡಿಮೆ ಕಾಣುತ್ತದೆ. ಆದರೆ ಬಳಕೆ ಹೆಚ್ಚಿದಂತೆ ದರವೂ ಹಂತ ಹಂತವಾಗಿ ಏರುವುದರಿಂದ, ಮೇಲಿನ ಹಂತದ ದರದಲ್ಲಿ ಕಟ್ಟಿದ ಹಣ ಅದರಿಂದ ಪೂರ್ತಿ ಮರಳುವುದಿಲ್ಲ.

ಒಂದೇ ಕಾಂಪೌಂಡಿನಲ್ಲಿ ಎರಡು ಮೂರು ಮನೆಗಳಿದ್ದು ಮೀಟರುಗಳು ಸಾಲಾಗಿ ಇದ್ದರೆ ಅದಲು ಬದಲು ಆಗಿರಬಹುದು. ನೀರು ಬರುವಾಗ ನಿಮ್ಮ ಸಂಪಿನ ವಾಲ್ವ್ ಮಾತ್ರ ತೆರೆದಿಟ್ಟು, ಪಕ್ಕದವರದ್ದನ್ನು ಮುಚ್ಚಿಸಿ, ಯಾವ ಮೀಟರ್ ತಿರುಗುತ್ತದೆ ನೋಡಿ. ಮೀಟರಿನ ಮುಖದ ಮೇಲೆ ಅಥವಾ ಅಂಚಿನಲ್ಲಿ ಕೊರೆದಿರುವ ಸಂಖ್ಯೆಯನ್ನು ಬಿಲ್ಲಿನ ಅಥವಾ ಕಚೇರಿ ದಾಖಲೆಯ ಮೀಟರ್ ಸಂಖ್ಯೆಯೊಂದಿಗೆ ಹೋಲಿಸಿ. ಮೀಟರ್ ಬದಲಾಯಿಸಿದವರು ಇನ್ನೊಂದು ವಿಷಯ ನೋಡಲೇಬೇಕು: ಹಳೆಯ ಮೀಟರಿನ ಕೊನೆಯ ರೀಡಿಂಗ್, ಹೊಸದರ ಆರಂಭದ ರೀಡಿಂಗ್, ಬದಲಾಯಿಸಿದ ತಾರೀಕು ಮೂರೂ ದಾಖಲೆಗೆ ಏರಿವೆಯೇ? ಏರದಿದ್ದರೆ ಹಳೆಯ ಅಂಕಿಯಿಂದ ಹೊಸ ಅಂಕಿಯನ್ನು ಕಳೆದು ಅರ್ಥವಿಲ್ಲದ ಬಳಕೆ ಬರುತ್ತದೆ.

ಅತಿ ಹೆಚ್ಚು ತಕರಾರು ಹುಟ್ಟುವುದು ಸರಾಸರಿ ಬಿಲ್ಲಿನಿಂದ. ಗೇಟಿಗೆ ಬೀಗ ಹಾಕಿದ್ದರೆ, ಮೀಟರ್ ನಿಂತಿದ್ದರೆ, ಮಳೆಗಾಲದಲ್ಲಿ ಮೀಟರ್ ಗುಂಡಿಗೆ ಕೆಸರು ತುಂಬಿ ಗಾಜು ಮಂಜಾಗಿ ಅಂಕಿ ಕಾಣದಿದ್ದರೆ ಹಿಂದಿನ ತಿಂಗಳುಗಳ ಸರಾಸರಿ ಬರೆಯುತ್ತಾರೆ. ಅದು ತಪ್ಪಲ್ಲ. ಆಮೇಲೆ ನಿಜವಾದ ರೀಡಿಂಗ್ ಸಿಕ್ಕಿದಾಗ ಲೆಕ್ಕ ಹೊಂದಿಸುವುದರಲ್ಲಿ ಎಡವಟ್ಟಾಗುತ್ತದೆ. ಮಾರ್ಚ್ ಕೊನೆಗೆ ರೀಡಿಂಗ್ 412 ಇತ್ತು ಎಂದುಕೊಳ್ಳಿ. ಏಪ್ರಿಲ್, ಮೇ, ಜೂನ್ ಮೂರು ತಿಂಗಳು ಸರಾಸರಿ 15ರಂತೆ ಒಟ್ಟು 45 ಕಿಲೋಲೀಟರಿಗೆ ಬಿಲ್ಲು ಬಂತು, ನೀವು ಕಟ್ಟಿದಿರಿ. ಜುಲೈ ಕೊನೆಗೆ ನಿಜವಾಗಿ ಓದಿದಾಗ 480. ನಾಲ್ಕು ತಿಂಗಳ ಬಳಕೆ 68, ಕಟ್ಟಿದ್ದು 45, ಇನ್ನು ಕಟ್ಟಬೇಕಾದದ್ದು 23ಕ್ಕೆ ಮಾತ್ರ. ಜುಲೈ ಬಿಲ್ಲಿನಲ್ಲಿ 68 ಎಂದೇ ಬಂದಿದ್ದರೆ 45 ಕಿಲೋಲೀಟರಿಗೆ ಎರಡು ಸಲ ಹಣ ಕೇಳಿದಂತೆ. ರಶೀದಿಗಳನ್ನು ಎದುರಿಗಿಟ್ಟು ತೋರಿಸಿದರೆ ಐದು ನಿಮಿಷದಲ್ಲಿ ಇತ್ಯರ್ಥವಾಗುವ ತಕರಾರು ಇದು.

ಹಂತದ ದರದಿಂದ ಆಗುವ ನಷ್ಟ ಇದಕ್ಕಿಂತ ಸೂಕ್ಷ್ಮ. ಬಳಕೆ ಹೆಚ್ಚಿದಂತೆ ಪ್ರತಿ ಕಿಲೋಲೀಟರಿನ ದರವೂ ಏರುತ್ತದೆ. ಲೆಕ್ಕ ಸುಲಭವಾಗಲೆಂದು ಮೊದಲ 8 ಕಿಲೋಲೀಟರಿಗೆ ₹10, ಮುಂದಿನ 7ಕ್ಕೆ ₹15, ಅದರ ಮುಂದಿನ 10ಕ್ಕೆ ₹20, 25 ದಾಟಿದ್ದಕ್ಕೆ ₹30 ಎಂದು ಇಟ್ಟುಕೊಳ್ಳಿ (ಇದು ಉದಾಹರಣೆ ಮಾತ್ರ, ನಿಮ್ಮ ದರವನ್ನು ಬಿಲ್ಲಿನಲ್ಲೇ ನೋಡಿ). ತಿಂಗಳಿಗೆ 12 ಕಿಲೋಲೀಟರ್ ಬಳಸುವ ಮನೆಗೆ ತಿಂಗಳಿಗೆ ₹140, ಮೂರು ತಿಂಗಳಿಗೆ ₹420. ಮೂರು ತಿಂಗಳು ಮೀಟರ್ ಓದದೆ, ಕೊನೆಗೆ 36 ಕಿಲೋಲೀಟರನ್ನು ಒಂದೇ ತಿಂಗಳ ಬಳಕೆ ಎಂದು ಬರೆದರೆ 80, 105, 200, 330 ಸೇರಿ ₹715. ನೀರು ಅಷ್ಟೇ, ಹೆಚ್ಚು ಕಟ್ಟಬೇಕಾದದ್ದು ₹295. ಮನೆಯವರು ಒಂದು ಹನಿಯೂ ಹೆಚ್ಚು ಬಳಸಿಲ್ಲ. ಎರಡು ರೀಡಿಂಗ್‌ಗಳ ನಡುವೆ ಎಷ್ಟು ತಿಂಗಳಿದೆಯೋ ಅಷ್ಟು ತಿಂಗಳಿಗೆ ಹಂತಗಳನ್ನು ಹಂಚಬೇಕು ಎಂಬುದನ್ನು ಅರ್ಜಿಯಲ್ಲಿ ಇದೇ ರೀತಿ ಲೆಕ್ಕ ಹಾಕಿ ಕೇಳಿ.

ರೀಡಿಂಗ್ ಸರಿ ಇದೆ, ತಿಂಗಳುಗಳೂ ಸರಿ ಇವೆ, ಆದರೂ ಬಳಕೆ ಹೆಚ್ಚಿದೆ ಎಂದಾದರೆ ನೀರು ಮನೆಯೊಳಗೇ ಎಲ್ಲೋ ಹೋಗುತ್ತಿದೆ. ಬೀದಿಯ ಪೈಪಿನಿಂದ ಮೀಟರಿನವರೆಗಿನ ಸೋರಿಕೆ ನಿಮ್ಮ ಬಿಲ್ಲಿಗೆ ಬರುವುದಿಲ್ಲ, ಮೀಟರ್ ದಾಟಿದ ನೀರು ಮಾತ್ರ ಎಣಿಕೆಯಾಗುತ್ತದೆ. ಹಾಗಾಗಿ ಹುಡುಕಬೇಕಾದ ಭಾಗಗಳು ನಾಲ್ಕು: ಮೀಟರಿನಿಂದ ಸಂಪಿನವರೆಗೆ, ಸಂಪು, ಸಂಪಿನಿಂದ ಮೇಲಿನ ಟ್ಯಾಂಕಿನವರೆಗೆ, ಟ್ಯಾಂಕಿನಿಂದ ನಲ್ಲಿಗಳವರೆಗೆ.

ಇಲ್ಲಿ ಒಂದು ಒಳ್ಳೆಯ ಸುಳಿವು ನಿಮ್ಮ ಮೆಸ್ಕಾಂ ಬಿಲ್ಲಿನಲ್ಲಿದೆ. ಸೋರಿಕೆ ಸಂಪಿನ ನಂತರದ್ದಾದರೆ ಆ ನೀರನ್ನು ಮೋಟಾರು ಮೇಲೆತ್ತಿರಲೇಬೇಕು, ಕರೆಂಟ್ ಯೂನಿಟ್ಟೂ ಏರಿರುತ್ತದೆ. ಗೃಹಜ್ಯೋತಿಯಿಂದ ಕಟ್ಟುವ ಹಣ ಸೊನ್ನೆಯಾಗಿದ್ದರೂ ಬಳಸಿದ ಯೂನಿಟ್ ಅಚ್ಚಾಗಿರುತ್ತದೆ, ಅದನ್ನು ನೋಡಿ. ನೀರಿನ ಬಳಕೆ ಏರಿ ಯೂನಿಟ್ ಏರದಿದ್ದರೆ ಮೊದಲು ಸಂಪನ್ನೂ ಅದಕ್ಕೆ ಬರುವ ಪೈಪನ್ನೂ ಅನುಮಾನಿಸಿ.

ಮೀಟರಿನಿಂದ ಸಂಪಿನವರೆಗಿನ ಪೈಪನ್ನು ನೀರು ಬರುವ ಹೊತ್ತಿನಲ್ಲೇ ನೋಡಬೇಕು. ನೀರಿಲ್ಲದಾಗ ಮೀಟರ್ ನಿಂತಿರುವುದರಿಂದ ಏನೂ ಗೊತ್ತಾಗದು. ಸಂಪಿನ ಬಾಯಿಯ ವಾಲ್ವನ್ನೂ, ನೇರ ಸಂಪರ್ಕದ ಅಂಗಳದ ನಲ್ಲಿ ಇದ್ದರೆ ಅದನ್ನೂ ಮುಚ್ಚಿ. ಮೀಟರಿನ ಮುಖದಲ್ಲಿ ನಕ್ಷತ್ರದ ಅಥವಾ ತ್ರಿಕೋನದ ಆಕಾರದ ಚಿಕ್ಕ ಚಕ್ರವಿರುತ್ತದೆ. ಅದು ಪೂರ್ತಿ ನಿಲ್ಲಬೇಕು. ನಿಧಾನಕ್ಕೆ ತಿರುಗುತ್ತಲೇ ಇದ್ದರೆ ನೆಲದಡಿಯ ಪೈಪು ಒಡೆದಿದೆ. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳು ತುಕ್ಕು ಹಿಡಿದು ಎಲ್ಬೋ, ಸಾಕೆಟ್ ಸೇರುವಲ್ಲಿ ಮೊದಲು ತೂತಾಗುತ್ತವೆ. ಪಿವಿಸಿ ಪೈಪು ಕಾರು ನಿಲ್ಲುವ ಜಾಗದಡಿ ಹಾದುಹೋಗಿದ್ದರೆ ಭಾರಕ್ಕೆ ಜಾಯಿಂಟ್ ಬಿಡುತ್ತದೆ.

ಸಂಪಿನಲ್ಲಿ ಎರಡು ತೊಂದರೆ. ಒಂದು, ಫ್ಲೋಟ್ ವಾಲ್ವ್ ಕೆಟ್ಟು ಸಂಪು ತುಂಬಿದ ಮೇಲೂ ನೀರು ಬರುತ್ತಿರುವುದು. ಓವರ್‌ಫ್ಲೋ ಪೈಪನ್ನು ನೆಲದಡಿಯಲ್ಲೇ ಚರಂಡಿಗೆ ಸೇರಿಸಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ, ರಾತ್ರಿ ನೀರು ಬಿಡುವ ಬೀದಿಗಳಲ್ಲಂತೂ ಯಾರಿಗೂ ಗೊತ್ತಾಗದು. ಓವರ್‌ಫ್ಲೋ ಪೈಪಿನ ಬಾಯಿ ಅಂಗಳದಲ್ಲಿ ಕಾಣುವಂತೆ ಇರಬೇಕು ಎಂದು ನಾವು ಒತ್ತಿ ಹೇಳುತ್ತೇವೆ. ಫ್ಲೋಟ್ ವಾಲ್ವಿನಲ್ಲಿ ಸಾಮಾನ್ಯವಾಗಿ ಸವೆಯುವುದು ರಬ್ಬರ್ ವಾಷರ್, ಇಲ್ಲವೇ ಚೆಂಡಿನೊಳಗೆ ನೀರು ಸೇರಿ ಅದು ತೇಲುವುದಿಲ್ಲ. ಎರಡೂ ಸಣ್ಣ ಖರ್ಚಿನ ಕೆಲಸ.

ಎರಡನೆಯದು ಬಿರುಕು. ಸಂಪು ತುಂಬಿದ ಮೇಲೆ ಒಳಬರುವ ವಾಲ್ವ್ ಮುಚ್ಚಿ, ಮೋಟಾರು ಹಾಕದೆ, ಒಂದು ಉದ್ದನೆಯ ಕೋಲನ್ನು ನೇರ ಇಳಿಬಿಟ್ಟು ನೀರಿನ ಮಟ್ಟ ಗುರುತಿಸಿ. ಹನ್ನೆರಡು ಗಂಟೆ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. 2 ಮೀಟರ್ ಉದ್ದ, 1.5 ಮೀಟರ್ ಅಗಲದ ಸಂಪಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ 30 ಲೀಟರ್. ರಾತ್ರಿಯಲ್ಲಿ 4 ಸೆಂ.ಮೀ. ಇಳಿದಿದ್ದರೆ 120 ಲೀಟರ್, ದಿನಕ್ಕೆ 240, ತಿಂಗಳಿಗೆ 7 ಕಿಲೋಲೀಟರಿಗೂ ಹೆಚ್ಚು. ನಮ್ಮ ಊರಿನಲ್ಲಿ ಈ ಪರೀಕ್ಷೆಯನ್ನು ಬೇಸಿಗೆಯಲ್ಲೇ ಮಾಡಬೇಕು. ಜೋರು ಮಳೆಯ ತಿಂಗಳುಗಳಲ್ಲಿ ಸಂಪಿನ ಸುತ್ತಲ ಮಣ್ಣು ನೀರು ಕುಡಿದಿರುತ್ತದೆ, ಒಳಗಿನ ನೀರು ಹೊರಗೆ ಹೋಗುವುದಿಲ್ಲ, ಕೆಲವೊಮ್ಮೆ ಹೊರಗಿನದೇ ಒಳಗೆ ಬರುತ್ತದೆ. ಮಟ್ಟ ಇಳಿಯದಿರುವುದು ಕಂಡು ಸಂಪು ಗಟ್ಟಿ ಎಂದುಕೊಂಡರೆ ಫೆಬ್ರುವರಿಯ ನಂತರ ಬಿಲ್ಲು ಏರುತ್ತದೆ. ಹಾಗೆ ಒಳಗೆ ಬರುವ ನೀರು ಕುಡಿಯುವ ನೀರಿಗೆ ಸೇರುತ್ತದೆ ಎಂಬುದು ಬಿಲ್ಲಿಗಿಂತ ದೊಡ್ಡ ಚಿಂತೆ. ಮಳೆಗಾಲದಲ್ಲಿ ಬಳಸಿದ ಮೇಲೂ ಸಂಪಿನ ಮಟ್ಟ ಇಳಿಯದಿದ್ದರೆ ಅದನ್ನು ಲಾಭ ಎಂದುಕೊಳ್ಳದೆ ಸಂಪು ಖಾಲಿ ಮಾಡಿಸಿ, ತಿಳಿದವರಿಂದ ಸರಿ ಮಾಡಿಸಿ.

ಮೇಲಿನ ಟ್ಯಾಂಕಿನ ಕಡೆ ಹೆಚ್ಚು ನೀರು ತಿನ್ನುವುದು ಕಕ್ಕಸಿನ ಫ್ಲಶ್ ಟ್ಯಾಂಕ್. ಅದರ ಅಡಿಯ ರಬ್ಬರ್ ಸರಿಯಾಗಿ ಕೂರದಿದ್ದರೆ ನೀರು ಸದ್ದಿಲ್ಲದೆ ಇಳಿಯುತ್ತಿರುತ್ತದೆ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಕಾಫಿ ಡಿಕಾಕ್ಷನ್ ಸುರಿದು ಅರ್ಧ ಗಂಟೆ ಯಾರೂ ಬಳಸದೆ ಬಿಡಿ. ಕಕ್ಕಸಿನ ಬೇಸಿನ್ನಿನಲ್ಲಿ ಕಂದು ಬಣ್ಣ ಕಂಡರೆ ಸೋರಿಕೆ ಖಚಿತ. ಸೆಕೆಂಡಿಗೊಂದು ತೊಟ್ಟು ಬೀಳುವ ನಲ್ಲಿಯಿಂದ ದಿನಕ್ಕೆ ಸುಮಾರು 20 ಲೀಟರ್ ಹೋಗುತ್ತದೆ, ತಿಂಗಳಿಗೆ ಒಂದು ಕಿಲೋಲೀಟರೂ ಆಗದು. ದೊಡ್ಡ ಬಿಲ್ಲಿಗೆ ಅದು ಕಾರಣವಲ್ಲ. ಆದರೆ ಎರಡು ನಿಮಿಷಕ್ಕೆ ಒಂದು ಲೀಟರ್ ಬಾಟಲಿ ತುಂಬುವಷ್ಟು ಸಣ್ಣ ಧಾರೆ ಇದ್ದರೆ ದಿನಕ್ಕೆ 720 ಲೀಟರ್, ತಿಂಗಳಿಗೆ 21 ಕಿಲೋಲೀಟರ್ ದಾಟುತ್ತದೆ. ಟ್ಯಾಂಕ್ ತುಂಬಿ ಸೂರಿನಿಂದ ಸುರಿಯುವುದನ್ನು ನೋಡಿ ಮೋಟಾರು ಆರಿಸುವ ರೂಢಿ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈಗ ಮೀಟರಿನ ಮೇಲಿನ ಅನುಮಾನ. "ಮೀಟರ್ ಜೋರಾಗಿ ಓಡುತ್ತಿದೆ" ಎಂಬುದು ಎಲ್ಲರ ಮೊದಲ ಮಾತು, ಆದರೆ ವಾಸ್ತವ ಬಹುಪಾಲು ಇದಕ್ಕೆ ವಿರುದ್ಧ. ಒಳಗಿನ ಭಾಗ ಸವೆದ ಹಳೆಯ ಮೀಟರ್ ನಿಧಾನವಾಗುತ್ತದೆ, ಬಳಸಿದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕೇ ಹೊಸ ಮೀಟರ್ ಹಾಕಿದ ತಿಂಗಳು ಬಿಲ್ಲು ಏರಿದರೆ ಹೊಸದು ತಪ್ಪು ಎಂದು ಕೂಡಲೇ ಹೇಳಲಾಗದು. ಹಾಗೆಂದು ಮೀಟರ್ ಹೆಚ್ಚು ತೋರಿಸುವುದೇ ಇಲ್ಲ ಎಂದೂ ಅಲ್ಲ. ಪೈಪ್‌ಲೈನ್ ರಿಪೇರಿಯ ನಂತರ ಬರುವ ಮರಳು, ಮಳೆಗಾಲದ ಬಗ್ಗಡ ನೀರಿನ ಕಸ ಮೀಟರಿನ ಜಾಲರಿಗೆ ಸಿಕ್ಕಿಕೊಂಡರೆ ಉಳಿದ ಕಿಂಡಿಯಿಂದ ನೀರು ವೇಗವಾಗಿ ನುಗ್ಗಿ ಒಳಗಿನ ಚಕ್ರವನ್ನು ಹೆಚ್ಚು ತಿರುಗಿಸಬಹುದು.

ಇನ್ನೊಂದು ಕಾರಣ ಗಾಳಿ. ಸರದಿ ಮುಗಿದ ಮೇಲೆ ಬೀದಿಯ ಪೈಪು ಖಾಲಿಯಾಗುತ್ತದೆ. ಮತ್ತೆ ನೀರು ಬಿಟ್ಟಾಗ ಒಳಗಿದ್ದ ಗಾಳಿ ಮನೆಗಳ ನಲ್ಲಿಯಿಂದ ಹೊರಬರುತ್ತದೆ. ಬುಸ್ಸೆಂದು ಸದ್ದು ಬರುವ ಆ ಹೊತ್ತಿನಲ್ಲಿ ಮೀಟರ್ ತಿರುಗುತ್ತದೆ. ಸದ್ದು ಶುರುವಾದಾಗಿನ ಮತ್ತು ನೀರು ಬಿದ್ದ ಕ್ಷಣದ ಕೆಂಪು ಮುಳ್ಳುಗಳ ಅಂಕಿಯನ್ನು ನಾಲ್ಕಾರು ಸರದಿ ಬರೆದಿಡಿ, ಮೊಬೈಲಿನಲ್ಲಿ ವಿಡಿಯೊ ಮಾಡಿ. ಇದಕ್ಕೆ ಪರಿಹಾರ ಬೀದಿಯ ಪೈಪಿನ ಎತ್ತರದ ಜಾಗದಲ್ಲಿ ಏರ್ ವಾಲ್ವ್ ಇರುವುದು ಮತ್ತು ಅದು ಕೆಲಸ ಮಾಡುವುದು. ಆದ್ದರಿಂದ ಇದು ಒಂದು ಮನೆಯ ದೂರಾಗದೆ ಇಡೀ ಬೀದಿಯ ದೂರಾಗಬೇಕು. ಖಾಲಿಯಾಗುವ ಪೈಪು ಹಿಂದಕ್ಕೆ ಎಳೆಯುತ್ತದೆ ಎಂಬುದನ್ನೂ ನೆನಪಿಡಿ. ಸಂಪಿಗೆ ನೀರು ಬರುವ ಪೈಪಿನ ಬಾಯಿ ನೀರಿನಲ್ಲಿ ಮುಳುಗಿರಬಾರದು, ಮುಳುಗಿದ್ದರೆ ನಿಮ್ಮ ಸಂಪಿನ ನೀರು ಬೀದಿಯ ಪೈಪಿಗೆ ಹೋಗುತ್ತದೆ. ನಲ್ಲಿಗೆ ನೇರವಾಗಿ ಮೋಟಾರು ಹಾಕಿ ಎಳೆಯುವುದಂತೂ ಬೇಡವೇ ಬೇಡ. ಅದು ನಿಯಮಕ್ಕೆ ವಿರುದ್ಧ, ಅಕ್ಕಪಕ್ಕದವರ ನೀರು ಕಸಿಯುತ್ತದೆ, ಒಡೆದ ಜಾಯಿಂಟಿನಿಂದ ಚರಂಡಿಯ ನೀರನ್ನೂ ಒಳಗೆಳೆಯುತ್ತದೆ.

ಮನೆಯಲ್ಲೇ ಮೀಟರ್ ಪರೀಕ್ಷೆ ಹೀಗೆ. ಬಕೆಟ್ಟಿನ ಗೆರೆಯನ್ನು ನಂಬಬೇಡಿ. ಖಾಲಿ ಬಕೆಟ್ ತೂಗಿ, ನೀರು ತುಂಬಿ ತೂಗಿ, ಒಂದು ಕಿಲೋ ಒಂದು ಲೀಟರಿಗೆ ಸಮ ಎಂದು 20 ಲೀಟರಿಗೆ ನಿಮ್ಮದೇ ಗುರುತು ಹಾಕಿ. ನೀರು ಜೋರಾಗಿ ಬರುವಾಗ, ಗಾಳಿ ಪೂರ್ತಿ ಹೋದ ಮೇಲೆ, ಬೇರೆಲ್ಲ ಮುಚ್ಚಿ ಮೀಟರಿನ ನಂತರದ ಒಂದೇ ನಲ್ಲಿಯಿಂದ ಹತ್ತು ಬಕೆಟ್, ಅಂದರೆ 200 ಲೀಟರ್ ಹಿಡಿಯಿರಿ. ಮನೆ ಮೀಟರುಗಳ ಭಾರತೀಯ ಮಾನಕ ಐಎಸ್ 779ರ ಪ್ರಕಾರ ಸಾಮಾನ್ಯ ಹರಿವಿನಲ್ಲಿ ಹೆಚ್ಚು ಕಡಿಮೆ ಶೇ 2, ತೀರಾ ಸಣ್ಣ ಹರಿವಿನಲ್ಲಿ ಶೇ 5 ವ್ಯತ್ಯಾಸಕ್ಕೆ ಅವಕಾಶವಿದೆ. ಅಂದರೆ 200 ಲೀಟರಿಗೆ ಮೀಟರ್ 196ರಿಂದ 204ರೊಳಗೆ ತೋರಿಸಬೇಕು. ಬಕೆಟ್ ಹಿಡಿಯುವಾಗಿನ ಏರುಪೇರಿಗೆ ಅವಕಾಶ ಕೊಟ್ಟು 190ರಿಂದ 210ರೊಳಗೆ ಬಂದರೆ ಮೀಟರಿನ ಮೇಲೆ ದೂರು ಕೊಡದಿರುವುದೇ ಒಳ್ಳೆಯದು. 230 ತೋರಿಸಿದರೆ ಇನ್ನೆರಡು ಸಲ ಮಾಡಿ, ಮೂರೂ ಸಲದ ಅಂಕಿ ಬರೆದು ಮೀಟರ್ ಪರೀಕ್ಷೆಗೆ ಅರ್ಜಿ ಕೊಡಿ. ಮೀಟರಿನ ಸೀಲನ್ನು ಮಾತ್ರ ಮುಟ್ಟಬೇಡಿ, ಜಾಲರಿ ತೊಳೆಯುವುದಕ್ಕೂ ಸಿಬ್ಬಂದಿಯನ್ನೇ ಕರೆಯಿರಿ. ಸೀಲು ಒಡೆದ ಮೀಟರಿನ ಪರವಾಗಿ ಯಾವ ವಾದವೂ ನಿಲ್ಲುವುದಿಲ್ಲ.

ದರದ ವರ್ಗವನ್ನೂ ಒಮ್ಮೆ ನೋಡಿ. ಮನೆಯ ಒಂದು ಭಾಗವನ್ನು ಹೋಂಸ್ಟೇ ಮಾಡಿದ್ದರೆ, ಮುಂಭಾಗದಲ್ಲಿ ಅಂಗಡಿ ಇದ್ದರೆ, ಮನೆ ಕಟ್ಟುವಾಗ ತೆಗೆದುಕೊಂಡ ಸಂಪರ್ಕ ಹಾಗೆಯೇ ಮುಂದುವರಿದಿದ್ದರೆ ಗೃಹಬಳಕೆಯ ದರ ಸಿಗದಿರಬಹುದು. ಹೋಂಸ್ಟೇ ನಿಲ್ಲಿಸಿದ ಮೇಲೂ ಹಳೆಯ ವರ್ಗ ಉಳಿದಿದ್ದರೆ ಬದಲಾವಣೆಗೆ ಲಿಖಿತವಾಗಿ ಕೇಳಬೇಕು, ತಾನಾಗಿ ಬದಲಾಗುವುದಿಲ್ಲ. ಮನೆ ಕೊಳ್ಳುವವರು ಖಾತೆ ಬದಲಾವಣೆಯ ಜೊತೆಗೇ ನಲ್ಲಿ ಸಂಪರ್ಕದ ಹೆಸರನ್ನೂ ಬದಲಿಸಿಕೊಳ್ಳಿ, ಕ್ರಯಕ್ಕೆ ಮೊದಲೇ ನೀರಿನ ಬಾಕಿ ಇಲ್ಲವೆಂಬ ಪತ್ರ ಕೇಳಿ. ಬಾಡಿಗೆಗೆ ಕೊಡುವವರು ಬಾಡಿಗೆದಾರರು ಬರುವ ದಿನದ ಮತ್ತು ಬಿಡುವ ದಿನದ ರೀಡಿಂಗನ್ನು ಕರಾರಿನಲ್ಲೇ ಬರೆಸಿ.

ಬಾಕಿಯ ತಕರಾರಿಗೆ ಮದ್ದು ಒಂದೇ, ಡಿಸಿಬಿ. ಬೇಡಿಕೆ, ವಸೂಲಿ, ಬಾಕಿಯ ಆ ವಹಿಯಲ್ಲಿ ನಿಮ್ಮ ಸಂಪರ್ಕದ ಪುಟದ ನಕಲು ಕೇಳಿ, ರಶೀದಿಗಳ ಜೊತೆ ಸಾಲು ಸಾಲಾಗಿ ಹೋಲಿಸಿ. ಬೇರೆ ಸಂಪರ್ಕ ಸಂಖ್ಯೆಗೆ ಜಮೆಯಾದ ಹಣ, ಬ್ಯಾಂಕಿನಲ್ಲಿ ಕಟ್ಟಿ ಚಲನ್ ಕಚೇರಿಗೆ ಮುಟ್ಟದ ಹಣ, ಆನ್‌ಲೈನಿನಲ್ಲಿ ಖಾತೆಯಿಂದ ಕಡಿತವಾಗಿ ಜಮೆಯಾಗದ ಹಣ ಅಲ್ಲೇ ಸಿಗುತ್ತವೆ. ಆನ್‌ಲೈನ್ ಪಾವತಿಗೆ ವಹಿವಾಟು ಸಂಖ್ಯೆ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಆ ಸಾಲು ಸಾಕು.

ಅರ್ಜಿಯನ್ನು ಒಂದು ಪುಟದಲ್ಲಿ ಮುಗಿಸಿ. ಹೀಗೆ ಬರೆಯಬಹುದು:

"ವಿಷಯ: ನಲ್ಲಿ ಸಂಪರ್ಕ ಸಂಖ್ಯೆ ……ರ …… ತಿಂಗಳ ಬಿಲ್ಲಿನ ರೀಡಿಂಗ್ ಪರಿಶೀಲಿಸುವ ಬಗ್ಗೆ. ಮಾನ್ಯರೇ, ಈ ಬಿಲ್ಲಿನಲ್ಲಿ ಹಿಂದಿನ ರೀಡಿಂಗ್ ……, ಈಗಿನ ರೀಡಿಂಗ್ …… ಎಂದಿದೆ. ……ನೇ ತಾರೀಕು ನಮ್ಮ ಮೀಟರಿನಲ್ಲಿ …… ಇತ್ತು, ಫೋಟೊ ಲಗತ್ತಿಸಿದೆ. ಕಳೆದ ಆರು ಬಿಲ್ಲುಗಳ ಸರಾಸರಿ ಬಳಕೆ …… ಕಿಲೋಲೀಟರ್. ಸ್ಥಳಕ್ಕೆ ಬಂದು ನಮ್ಮ ಎದುರಿನಲ್ಲಿ ಮೀಟರ್ ಓದಿ, ಬಿಲ್ಲು ಸರಿಪಡಿಸಿ, ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇವೆ. ಉತ್ತರ ಬರುವವರೆಗೆ ಸರಾಸರಿ ಮೊತ್ತ ₹…… ಕಟ್ಟಲು ಒಪ್ಪಿದ್ದೇವೆ. ಸಂಪರ್ಕ ಕಡಿತಗೊಳಿಸಬಾರದಾಗಿ ವಿನಂತಿ."

ಫೋಟೊದಲ್ಲಿ ಅಂಕಿಯೂ ಮೀಟರ್ ಸಂಖ್ಯೆಯೂ ಕಾಣಬೇಕು. ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಎರಡನೆಯ ಪ್ರತಿಗೆ ಮುದ್ರೆ, ತಾರೀಕು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳದೆ ಬರಬೇಡಿ. ಬಾಯಿಮಾತಿನ ಭರವಸೆ ಕೊಟ್ಟವರು ವರ್ಗವಾಗಿ ಹೋಗುತ್ತಾರೆ, ಮುದ್ರೆ ಬಿದ್ದ ಪ್ರತಿ ಉಳಿಯುತ್ತದೆ. ಬಿಲ್ಲು ತಪ್ಪೆಂದು ಪೂರ್ತಿ ಕಟ್ಟದೆ ಕೂರುವುದು ಜಾಣತನವಲ್ಲ. ದಂಡ ಬೆಳೆಯುತ್ತದೆ, ಕಡಿತಕ್ಕೆ ಕಾರಣ ಸಿಗುತ್ತದೆ. ತಕರಾರಿಲ್ಲದ ಭಾಗ ಕಟ್ಟಿ. ಪೂರ್ತಿ ಕಟ್ಟಲೇಬೇಕಾಗಿ ಬಂದರೆ "ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದೆ" ಎಂದು ಪತ್ರ ಕೊಟ್ಟು ಕಟ್ಟಿ.

ಉತ್ತರ ಬರದಿದ್ದರೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902ಕ್ಕೆ ಸ್ವೀಕೃತಿ ಸಂಖ್ಯೆಯೊಂದಿಗೆ ದೂರು ದಾಖಲಿಸಿ. ದಾಖಲೆ ಬೇಕಾದರೆ ಮಾಹಿತಿ ಹಕ್ಕು ಅಧಿನಿಯಮ 2005ರಡಿ ₹10 ಶುಲ್ಕದ ಅರ್ಜಿ ಸಾಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. "ಏಕೆ ಹೆಚ್ಚು ಬಿಲ್ಲು ಕೊಟ್ಟಿರಿ" ಎಂದು ಕೇಳಿದರೆ ಉತ್ತರ ಸಿಗದು. ಕಳೆದ 12 ತಿಂಗಳ ರೀಡಿಂಗ್ ದಾಖಲೆಯ ನಕಲು, ಡಿಸಿಬಿ ಪುಟದ ನಕಲು, ಮೀಟರ್ ಬದಲಾವಣೆಯ ವರದಿಯ ನಕಲು ಎಂದು ಕಾಗದವನ್ನೇ ಹೆಸರಿಸಿ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅದಕ್ಕೂ ಬಗ್ಗದಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ 1987ರಡಿ ಸಾರ್ವಜನಿಕ ಉಪಯುಕ್ತ ಸೇವೆಗಳ ವಿವಾದಕ್ಕೆಂದೇ ಖಾಯಂ ಲೋಕ ಅದಾಲತ್ ಇದೆ, ನೀರು ಸರಬರಾಜು ಅದರ ಪಟ್ಟಿಯಲ್ಲಿದೆ. ಕೋರ್ಟ್ ಶುಲ್ಕವಿಲ್ಲ. ದಾರಿ ತಿಳಿಯಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.

ಇನ್ನು ಪೌರಾಯುಕ್ತರಿಗೂ ಸಿಬ್ಬಂದಿಗೂ ನಮ್ಮ ವಿನಂತಿ. ಮಳೆಯಲ್ಲಿ ನೆನೆದು, ಚಪ್ಪಡಿ ಎತ್ತಿ, ಕೆಸರು ಬಾಚಿ ಮೀಟರ್ ಓದುವವರ ಕಷ್ಟ ನಮಗೆ ಗೊತ್ತು. ಮೀಟರ್ ಗುಂಡಿಯನ್ನು ಚೊಕ್ಕಟವಾಗಿಡುವುದು, ತಳಕ್ಕೆ ಜಲ್ಲಿ ಹಾಕಿ ನೀರು ಇಂಗುವಂತೆ ಮಾಡುವುದು, ನಾಯಿಯನ್ನು ಕಟ್ಟುವುದು ಮನೆಯವರ ಜವಾಬ್ದಾರಿ ಎಂದು ಇದೇ ಪತ್ರದಲ್ಲಿ ಅವರಿಗೂ ಹೇಳುತ್ತಿದ್ದೇವೆ.

ತಮ್ಮಲ್ಲಿ ಕೇಳುವುದಿಷ್ಟು. ಎರಡೂ ರೀಡಿಂಗ್‌ಗಳ ತಾರೀಕು ಬಿಲ್ಲಿನಲ್ಲಿ ಅಚ್ಚಾಗಲಿ, ಸರಾಸರಿ ಬಿಲ್ಲಾದರೆ "ಸರಾಸರಿ" ಎಂದೂ, ಯಾವ ತಿಂಗಳುಗಳ ಸರಾಸರಿ ಎಂದೂ ಇರಲಿ. ರೀಡಿಂಗ್ ತೆಗೆದುಕೊಳ್ಳುವಾಗಲೇ ಮೀಟರಿನ ಫೋಟೊ ತೆಗೆದಿಡುವ ವ್ಯವಸ್ಥೆಯಾಗಲಿ, ಇದೊಂದರಿಂದಲೇ ಓದಿನ ತಕರಾರುಗಳ ಬಹುಭಾಗ ಕೌಂಟರಿನವರೆಗೆ ಬರುವುದಿಲ್ಲ. ಬಳಕೆ ಹಿಂದಿನ ಆರು ತಿಂಗಳ ಸರಾಸರಿಯ ಎರಡು ಪಟ್ಟು ದಾಟಿದರೆ ಬಿಲ್ಲು ಅಚ್ಚು ಹಾಕುವ ಮೊದಲು ಮತ್ತೊಮ್ಮೆ ಓದಿಸಿ, ಮನೆಯವರಿಗೆ ಸೋರಿಕೆ ನೋಡಿಕೊಳ್ಳಲು ಚೀಟಿ ಕೊಡಿ. ಹಲವು ತಿಂಗಳ ಬಳಕೆ ಒಟ್ಟಿಗೆ ಬಂದಾಗ ಹಂತದ ದರವನ್ನು ತಿಂಗಳುವಾರು ಹಂಚುವಂತೆ ತಂತ್ರಾಂಶದಲ್ಲೇ ತಿದ್ದುಪಡಿ ಮಾಡಿಸಿ. ಪ್ರತಿ ಮನೆಯವರೂ ಅರ್ಜಿ ಹಿಡಿದು ಬಂದು ಕೇಳಬೇಕಾದ ಹಕ್ಕಲ್ಲ ಅದು. ಮೀಟರ್ ಪರೀಕ್ಷೆಯನ್ನು ಗ್ರಾಹಕರ ಎದುರಿನಲ್ಲಿ ಮಾಡಿ, ಎಷ್ಟು ಲೀಟರ್ ಹರಿಸಿದಿರಿ, ಮೀಟರ್ ಎಷ್ಟು ತೋರಿಸಿತು ಎಂಬ ಅಂಕಿಗಳೊಂದಿಗೆ ವರದಿ ಕೊಡಿ. ಯಾವ ಬೀದಿಗೆ ಎಂದು, ಎಷ್ಟು ಹೊತ್ತು ನೀರು ಬಿಡಲಾಯಿತು ಎಂಬ ವಾಲ್ವ್‌ಮನ್ ದಾಖಲೆಯನ್ನು ಬಿಲ್ಲಿನ ವಿಭಾಗಕ್ಕೂ ಕಳಿಸಿ, ಅಸಾಧ್ಯವಾದ ಬಳಕೆಯನ್ನು ಅವರೇ ಹಿಡಿಯಬಲ್ಲರು.

ತಕರಾರು ಅರ್ಜಿ ಸ್ವೀಕರಿಸಿದ ಮೇಲೆ ಲಿಖಿತ ಉತ್ತರ ಕೊಡುವವರೆಗೆ ಸರಾಸರಿ ಮೊತ್ತ ಕಟ್ಟಿಸಿಕೊಳ್ಳಿ, ಉಳಿದದ್ದರ ಮೇಲೆ ದಂಡ ಹಾಕಬೇಡಿ, ಸಂಪರ್ಕ ಕತ್ತರಿಸಬೇಡಿ ಎಂಬುದು ನಮ್ಮ ಮುಖ್ಯ ಬೇಡಿಕೆ. ಇದನ್ನು ಸುತ್ತೋಲೆಯಾಗಿ ಹೊರಡಿಸಿ, ಅದರ ಪ್ರತಿಯನ್ನು ಬಿಲ್ಲು ಕಟ್ಟುವ ಕೌಂಟರಿನ ಪಕ್ಕದಲ್ಲಿ ಕನ್ನಡದಲ್ಲಿ ಅಂಟಿಸಬೇಕೆಂದು ಕೋರುತ್ತೇವೆ.

ಇಂತಿ,
ನಲ್ಲಿ, ಮೀಟರು, ಲೆಕ್ಕದ ಕೆಲಸ ಬಲ್ಲ ಕೆಲವು ನಗರವಾಸಿಗಳು
ಚಿಕ್ಕಮಗಳೂರು